ಹಟ್ಟಿಯ ಲೆಕ್ಕಕ್ಕೆ ಸ್ಪ್ರೆಡ್‌ಶೀಟ್: ಕೆಲವು ವರ್ಷ ಬಳಸಿದ ಮೇಲೆ

ಹೆಬ್ರಿ ಹತ್ತಿರ ನಮ್ಮ ಹಟ್ಟಿ. ಎಚ್‌ಎಫ್, ಜೆರ್ಸಿ ಮಿಶ್ರತಳಿ ದನಗಳು, ಹಾಲು ಊರಿನ ಸೊಸೈಟಿಗೆ. ಮೊದಲು ದುಡ್ಡು ಕೊಟ್ಟು ಒಂದು ಡೈರಿ ಆ್ಯಪ್ ಹಾಕಿಕೊಂಡಿದ್ದೆ. ದಿನದ ಹಾಲು, ಹಿಂಡಿ ಖರ್ಚು, ಬಣ್ಣಬಣ್ಣದ ಗ್ರಾಫು ಎಲ್ಲಾ ಇತ್ತು, ಆದರೆ ಕೆಚ್ಚಲು ಬಾವು ಯಾವ ಮೊಲೆಗೆ ಬಂತು ಅಂತ ಬರೆಯಲು ಜಾಗವೇ ಇರಲಿಲ್ಲ. ಅದನ್ನು ತೆಗೆದು ಪುಕ್ಕಟೆ ಸಿಗುವ ಸಾದಾ ಸ್ಪ್ರೆಡ್‌ಶೀಟ್‌ಗೆ ಬಂದೆ. ಈಗಲೂ ಅದೇ.

ಒಂದು ದನಕ್ಕೆ ಒಂದು ಹಾಳೆ. ಮೇಲೆ ಕಿವಿಯ ಹಳದಿ ಬಿಲ್ಲೆಯ 12 ಅಂಕಿ ನಂಬರ್, ಪಕ್ಕದಲ್ಲಿ ಮನೆಯ ಹೆಸರು. ಹೆಸರು ಮಾತ್ರ ಸಾಕು ಅಂದುಕೊಳ್ಳಬೇಡಿ, ನಮ್ಮ ಹಟ್ಟಿಯಲ್ಲೇ ಎಷ್ಟು ಗೌರಿಯರು ಆಗಿಹೋದರೋ! ಬೆದೆಗೆ ಬಂದಾಗ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದ ದಿನ ಹಾಕಿದರೆ ಉಳಿದದ್ದನ್ನು ಶೀಟೇ ಕೂಡಿಸುತ್ತದೆ. 21 ದಿನಕ್ಕೆ ಮತ್ತೆ ಬೆದೆ ಬಂತಾ ನೋಡುವುದು, 90ಕ್ಕೆ ಗಬ್ಬ ಪರೀಕ್ಷೆ, 220ಕ್ಕೆ ಹಾಲು ಬತ್ತಿಸುವುದು, 280ರ ಆಸುಪಾಸಿನಲ್ಲಿ ಕರು. ಕಾಲುಬಾಯಿ ಲಸಿಕೆ 6 ತಿಂಗಳಿಗೊಮ್ಮೆ. ಹೆಣ್ಣು ಕರುವಿಗೆ ಬ್ರುಸೆಲ್ಲಾ (ಮುಂದೆ ಗಬ್ಬ ಹೋಗುವಂತೆ ಮಾಡುವ ರೋಗ) ಲಸಿಕೆ 4ರಿಂದ 8 ತಿಂಗಳ ಒಳಗೆ, ಅದು ಜನ್ಮಕ್ಕೆ ಒಂದೇ ಸಲ.

ನಿಜವಾದ ಲಾಭ ಕಂಡದ್ದು ಕೆಚ್ಚಲು ಬಾವಿನಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಹಟ್ಟಿಯ ನೆಲ ಒಣಗುವುದೇ ಇಲ್ಲ, ಬಾವು ಎಲ್ಲಾ ದನಕ್ಕೂ ಬರುತ್ತದೆ ಅಂತಲೇ ಮನೆಯಲ್ಲಿ ಎಲ್ಲರ ಲೆಕ್ಕ. ಎಲ್ಲಾ ಹಾಳೆಗಳಲ್ಲಿ ಬಾವು ಅಂತ ಬರೆದ ಸಾಲುಗಳನ್ನು ಸೋಸಿ ನೋಡಿದರೆ ಹೆಚ್ಚಿನವು ಒಂದೇ ದನದ್ದು, ಅದೂ ಬಲ ಹಿಂದಿನ ಮೊಲೆ! ಔಷಧಿ ಕೊಟ್ಟಾಗ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಡಾಕ್ಟರಿಗೆ ಫೋನ್ ತೋರಿಸಿದೆ. ಅವರು ಸುಮ್ನೆ ಇನ್ನೊಂದು ಇಂಜೆಕ್ಷನ್ ಚುಚ್ಚದೆ, ಆ ಮೊಲೆಯ ಹಾಲನ್ನು ಕಲ್ಚರ್‌ಗೆ (ಯಾವ ರೋಗಾಣು ಅಂತ ನೋಡುವ ಲ್ಯಾಬ್ ಪರೀಕ್ಷೆ) ಕಳಿಸಿ, ಯಾವ ಔಷಧಿ ನಾಟುತ್ತದೋ ಅದನ್ನೇ ಕೊಟ್ಟರು. ಅವಳನ್ನು ಎಲ್ಲರಿಗಿಂತ ಕೊನೆಗೆ ಕರೆಯಿರಿ ಅಂದರು. ಬೇರೆ ದನಕ್ಕೆ ಹಬ್ಬಬಾರದಲ್ವಾ.

ಆಮೇಲೆ ಇನ್ನೊಂದು ಕಾಲಂ ಸೇರಿಸಿದೆ, 'ಹಾಲು ಯಾವಾಗಿನಿಂದ ಸೊಸೈಟಿಗೆ' ಅಂತ. ಆಂಟಿಬಯೋಟಿಕ್ ಬಾಟಲಿ ಮೇಲೆ ಎಷ್ಟು ದಿನ ಹಾಲು ಕೊಡಬಾರದು ಅಂತ ಇರುತ್ತದೆ, ಅಷ್ಟು ದಿನ ಆ ಚೌಕ ಕೆಂಪು. ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ಕರೆಯುವ ಮನೆಗೆ ಇದು ಬೇಕೇ ಬೇಕು.

ತಲೆನೋವೂ ಇದೆ. ದಿನ ಬಂದಾಗ ಅದಾಗಿಯೇ ಗಂಟೆ ಹೊಡೆಯುವುದಿಲ್ಲ, ನಾವೇ ತೆರೆದು ನೋಡಬೇಕು. ಸೆಟ್ಟಿಂಗ್‌ನಲ್ಲಿ ದೇಶ ಭಾರತ ಅಂತ ಇಲ್ಲದಿದ್ದರೆ 5/6 ಅನ್ನುವುದು ಜೂನ್ 5ರ ಬದಲು ಮೇ 6 ಆಗಿ ಕೂರಬಹುದು, ಮುಂದಿನ ಲೆಕ್ಕವೆಲ್ಲಾ ಅಡಿಮೇಲು. ಸಗಣಿ ಕೈಯಲ್ಲಿ ಫೋನ್ ಹಿಡಿಯಲು ಆಗುವುದಿಲ್ಲ, ಹಾಗಾಗಿ ಕಂಬಕ್ಕೆ ಒಂದು ಸ್ಲೇಟು ಕಟ್ಟಿದ್ದೇವೆ. ಅದರಲ್ಲಿ ಗೀಚಿದ್ದು ರಾತ್ರಿ ಶೀಟಿಗೆ ಹೋಗುತ್ತದೆ. ನೆಟ್‌ವರ್ಕ್ ಇಲ್ಲದ ಜಾಗವಾದರೆ ಆಫ್‌ಲೈನ್ ಆಯ್ಕೆ ಹಾಕಿಡಿ.

ಒಂದೆರಡು ದನ ಇರುವವರಿಗೆ ಗೋಡೆಯ ಕ್ಯಾಲೆಂಡರೇ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಮನೆಯ ಇನ್ನೊಬ್ಬರ ಫೋನಿಗೂ ಶೇರ್ ಮಾಡಿ ಇಡಿ, 1962ಕ್ಕೆ (ಸರ್ಕಾರದ ಪಶು ಸಹಾಯವಾಣಿ) ಕರೆ ಮಾಡಿ ಪಶು ಡಾಕ್ಟರ ಗಾಡಿ ಬಂದಾಗ ನೀವು ಉಡುಪಿ ಪೇಟೆಯಲ್ಲಿ ಇದ್ದರೂ ಹಿಂದೆ ಯಾವ ಔಷಧಿ ಆಗಿತ್ತು ಅಂತ ಮನೆಯವರು ತೋರಿಸಬಹುದು.