ಕೂಲಂಟ್ ಲೀಕ್ ಹುಡುಕೋದ್ರಲ್ಲಿ ಪಕ್ಕಾ ಕೆಲಸ, ಚಿತ್ರದುರ್ಗ ಬೈಪಾಸ್ ಹತ್ರದ ಲಾರಿ ಗ್ಯಾರೇಜ್

ನಮ್ಮ ಹತ್ತು ಚಕ್ರದ ಲಾರೀಲಿ ಕೂಲಂಟ್ (ಇಂಜಿನ್ ತಣ್ಣಗಿಡೋ ದ್ರವ) ಲೆವೆಲ್ ಇಳೀತಾನೇ ಇತ್ತು, ನೆಲದ ಮೇಲೆ ಮಾತ್ರ ಒಂದು ಹನಿನೂ ಇಲ್ಲ. ಬೇರೆ ಕಡೆ ನೋಡಿದ ತಕ್ಷಣ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ಮಧ್ಯದ ಸೀಲ್) ಹೋಗಿದೆ, ಇಂಜಿನ್ ಬಿಚ್ಬೇಕು ಅಂದ್ಬಿಟ್ರು. ಈ ಮೇಸ್ತ್ರಿ ಹಾಗಲ್ಲ, ಮೊದ್ಲು ಇಂಜಿನ್ ಪೂರ್ತಿ ತಣ್ಣಗಾಗೋವರೆಗೂ ಕಾಯ್ಸಿದ್ರು, ಆಮೇಲೆ ಕ್ಯಾಪ್ ಜಾಗದಲ್ಲಿ ಪ್ರೆಶರ್ ಟೆಸ್ಟರ್ ಹಾಕಿ ಪಂಪ್ ಹೊಡೆದು ಟಾರ್ಚ್ ಹಿಡ್ಕೊಂಡು ಒಂದೊಂದೇ ಹೋಸು, ಕ್ಲ್ಯಾಂಪು, ರೇಡಿಯೇಟರ್ ಮೂಲೆ ಎಲ್ಲಾ ನೋಡ್ತಾ ಬಂದ್ರು.

ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತು ಇರುತ್ತೆ, ಒಳಗಿನ ಸೀಲ್ ಹೋದ್ರೆ ಕೂಲಂಟ್ ಅಲ್ಲಿಂದ ಬರುತ್ತೆ. ಅಲ್ಲೇ ಒಣಗಿದ ಬಿಳಿ ಗೆರೆ ತೋರ್ಸಿದ್ರು, ಗಾಡಿ ಓಡುವಾಗ ಬಿಸಿಗೆ ಅಲ್ಲಲ್ಲೇ ಆರೋಗ್ತಿತ್ತಂತೆ, ಕೆಳಗೆ ಬೀಳೋದೆಲ್ಲಿಂದ! ಅಷ್ಟಕ್ಕೇ ಬಿಡ್ಲಿಲ್ಲ, ಹೆಡ್ ಗ್ಯಾಸ್ಕೆಟ್ ಸರಿ ಇದ್ಯಾ ಅಂತ ತಿಳ್ಕೊಳ್ಳೋಕೆ ಡಿಪ್‌ಸ್ಟಿಕ್ ತೆಗೆದು ಆಯಿಲ್ ಹಾಲಿನ ಥರ ಆಗಿಲ್ಲ ಅಂತ ನೋಡಿದ್ರು, ಇಂಜಿನ್ ಓಡಿಸಿ ಕೂಲಂಟ್ ಟ್ಯಾಂಕಲ್ಲಿ ಗುಳ್ಳೆ ಬರಲ್ಲ ಅಂತಾನೂ ನೋಡಿದ್ರು. ಎಲ್ಲೂ ಸಿಗ್ದೇ ಹೋಗಿದ್ರೆ ಇಜಿಆರ್ ಕೂಲರ್ (ಇಂಜಿನ್ನಿಗೆ ವಾಪಸ್ ಹೋಗೋ ಹೊಗೇನ ಕೂಲಂಟಿಂದ ತಣ್ಣಗೆ ಮಾಡೋ ಭಾಗ) ಬಿಚ್ತಿದ್ರಂತೆ, ಅದು ಒಳಗೇ ಸೋರಿದ್ರೆ ಹೊರಗೆ ಗೊತ್ತೇ ಆಗಲ್ಲ.

ಹೊಸ ಪಂಪು, ಹೊಸ ಗ್ಯಾಸ್ಕೆಟ್ಟು ಹಾಕಿ ಸಿಸ್ಟಮ್ ಫ್ಲಶ್ ಮಾಡಿ, ಕೂಲಂಟ್‌ಗೆ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಸೇರ್ಸಿದ್ರು, ಬೋರ್ ನೀರು ಹಾಕಿದ್ರೆ ರೇಡಿಯೇಟರ್ ಒಳಗೆ ಉಪ್ಪು ಕಟ್ಟುತ್ತೆ ನೋಡಿ. ಏರ್ ತೆಗೆದು ಮತ್ತೆ ಪ್ರೆಶರ್ ಹಾಕಿ ತೋರ್ಸಿಯೇ ಬಿಲ್ ಕೊಟ್ಟಿದ್ದು, ಇದು ನಂಗೆ ತುಂಬಾ ಇಷ್ಟ ಆಯ್ತು. ಹಳೇ ಪಂಪೂ ಕೈಗೇ ಕೊಟ್ರು.

ಕಾಯೋಕೆ ನೆರಳಿಲ್ಲ, ಪಾರ್ಟ್ ಬರೋಕೆ ಒಂದಿನ ಲೇಟಾಯ್ತು, ಅದೊಂದೇ ಮೈನಸ್. ಈಗ ಲೆವೆಲ್ ಒಂಚೂರೂ ಇಳಿದಿಲ್ಲ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಮೇಲೆ ಗಾಡಿ ಸಾಲು ನಿಂತಿರುತ್ತೆ.