ಸಿಹಿ ಚೆರ್ರಿಯೋ, ಹುಳಿ ಚೆರ್ರಿಯೋ: ತಾಜಾ ಹಣ್ಣು ಮಾರುವವರಿಗೆ ಯಾವುದು?

ಹಣ್ಣನ್ನು ತಾಜಾ ಇರುವಾಗಲೇ ಮಾರಬೇಕೆಂದಿದ್ದರೆ ನನ್ನ ಮತ ಸಿಹಿ ಚೆರ್ರಿಗೆ. ಆದರೆ ಅದರ ಮುನಿಸನ್ನು ತಾಳಿಕೊಳ್ಳುವವರಿಗೆ ಮಾತ್ರ. ಬಿಂಗ್‌ನಂಥ ತಳಿಗೆ ಪರಾಗ ಒದಗಿಸಲು ಹೊಂದಿಕೆಯಾಗುವ ಬೇರೊಂದು ತಳಿಯ ಮರ ಹತ್ತಿರದಲ್ಲಿರಬೇಕು, ಎರಡೂ ಒಂದೇ ಹೊತ್ತಿಗೆ ಹೂ ಬಿಡಬೇಕು. ಸ್ಟೆಲ್ಲಾ, ಲ್ಯಾಪಿನ್ಸ್ ತಳಿಗಳಿಗೆ ಈ ರಗಳೆಯಿಲ್ಲ. ನಿಜವಾದ ಶತ್ರು ಮಳೆ. ಕೊಯ್ಲಿನ ಹೊತ್ತಿಗೆ ಸುರಿದರೆ ಹಣ್ಣು ನೀರು ಹೀರಿಕೊಂಡು ಸಿಪ್ಪೆ ಬಿರಿಯುತ್ತದೆ, ಬಿರಿದದ್ದಕ್ಕೆ ಬೆಲೆಯಿಲ್ಲ. ಕಿತ್ತ ಮೇಲೆ ಚೆರ್ರಿ ಮತ್ತಷ್ಟು ಸಿಹಿಯಾಗದು, ಹಾಗಾಗಿ ಮುಂಚೆಯೇ ಕಿತ್ತು ಪಾರಾಗುವಂತೆಯೂ ಇಲ್ಲ. ತೊಟ್ಟಿನೊಡನೆ ಕಿತ್ತು, ತಡಮಾಡದೆ 0 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ತಂಪಾಗಿಸಿದರೆ ಸುಮಾರು ಎರಡು ವಾರ ಮಾರಲು ಅವಕಾಶ ಸಿಗುತ್ತದೆ.

ಹುಳಿ ಚೆರ್ರಿ ಸಾಧು ಮರ. ಮಾಂಟ್‌ಮೊರೆನ್ಸಿ ತಳಿಯ ಮರ ಒಂಟಿಯಾಗಿದ್ದರೂ ಕಾಯಿ ಕಚ್ಚುತ್ತದೆ, ಚಳಿಯನ್ನೂ ಹೆಚ್ಚು ತಡೆಯುತ್ತದೆ. ತೊಂದರೆಯೆಲ್ಲ ಮಾರಾಟದ್ದು: ಹಣ್ಣು ಮೆತ್ತಗೆ, ಬಾಳುವುದು ಕೆಲವೇ ದಿನ, ಹಾಗೆಯೇ ಬಾಯಿಗೆ ಹಾಕಿಕೊಳ್ಳುವವರು ವಿರಳ. ಜಾಮ್, ಹಣ್ಣಿನ ರಸ ತಯಾರಿಸುವವರೊಂದಿಗೋ ಬೇಕರಿಯವರೊಂದಿಗೋ ಮೊದಲೇ ಮಾತಾಗಿದ್ದರೆ ಮಾತ್ರ ಹೆಚ್ಚು ಗಿಡ ನೆಡಿ. ಹಕ್ಕಿಗಳು ಮಾತ್ರ ಭೇದ ಎಣಿಸುವುದಿಲ್ಲ. ಬಲೆಯ ಖರ್ಚನ್ನು ಎರಡರ ಲೆಕ್ಕಕ್ಕೂ ಸೇರಿಸಿಕೊಳ್ಳಿ.