ಡಿಐ, ಸಿಆರ್‌ಡಿಇ: ಎರಡು ಹಳೆಯ ಥಾರ್ ಎಂಜಿನ್‌ಗಳನ್ನು ಸಾಕಿದ ಅನುಭವ

ಸಕಲೇಶಪುರದ ಬಳಿ ಇರುವ ನಮ್ಮ ಕಾಫಿ ತೋಟದಲ್ಲಿ ಎರಡು ಹಳೆಯ ಮಹೀಂದ್ರ ಥಾರ್‌ಗಳಿವೆ. ಒಂದು 2011ರ ಡಿಐ, ಇನ್ನೊಂದು 2013ರ ಸಿಆರ್‌ಡಿಇ. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಂಡರೂ ಬಾನೆಟ್ ತೆಗೆದರೆ ಸಂಬಂಧವೇ ಇಲ್ಲ. ಡಿಐಯದು 2523 ಸಿಸಿಯ, 63 ಅಶ್ವಶಕ್ತಿಯ, ಯಾಂತ್ರಿಕ ಪಂಪಿನಿಂದ ಡೀಸೆಲ್ ಪಡೆಯುವ ಎಂಜಿನ್; ಸಿಆರ್‌ಡಿಇಯದು 2498 ಸಿಸಿಯ, 105 ಅಶ್ವಶಕ್ತಿಯ, ಕಂಪ್ಯೂಟರ್ ನಿಯಂತ್ರಿಸುವ ಕಾಮನ್ ರೈಲ್ ಎಂಜಿನ್, ಅಂದರೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆಲ್ಲ ರೈಲ್ ಎಂಬ ಒಂದೇ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು. ಎಂಜಿನ್ನಿಗೆ ಒತ್ತಡದಿಂದ ಗಾಳಿ ತುಂಬುವ ಟರ್ಬೊ ಎರಡಕ್ಕೂ ಇದೆ. ಹಳೆಯ ಗಾಡಿ ಕೊಳ್ಳುವುದಾದರೆ ಡಿಐಯನ್ನೇ ಕೊಳ್ಳಬೇಕು, ಅದಕ್ಕೆ ನಾಲ್ಕು ಸ್ಪ್ಯಾನರ್ ಇದ್ದರೆ ಸಾಕು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಎರಡನ್ನೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಕೆಲಸಕ್ಕೆ, ಒಂದೇ ಮಳೆಯಲ್ಲಿ ಓಡಿಸಿದ ನನಗೆ ಆ ಮಾತಿನಲ್ಲಿ ಅರ್ಧ ಮಾತ್ರ ನಿಜವೆನಿಸಿದೆ: ಡಿಐಯನ್ನು ರಿಪೇರಿ ಮಾಡುವುದು ಸುಲಭ, ಆದರೆ ಅದರ ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು ಸುಲಭವಲ್ಲ.

ಒಂದು ವರ್ಷ ಕಾಫಿ ಕುಯ್ಲಿನ ನಡುವೆ ಡಿಐಯ ಪಿಕಪ್ ಇಳಿಯಿತು. ಏರಿನಲ್ಲಿ ಕಪ್ಪು ಹೊಗೆ ಉಗುಳುತ್ತಿತ್ತು. ಕಪ್ಪು ಹೊಗೆಯೆಂದರೆ ಒಳಗೆ ಹೋಗುತ್ತಿರುವ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಎಂದರ್ಥ. ಆದರೆ ಡೀಸೆಲ್ ಹೆಚ್ಚಾಗಿದೆಯೋ ಗಾಳಿ ಕಡಿಮೆಯಾಗಿದೆಯೋ ಎಂಬುದನ್ನು ಹೊಗೆ ಹೇಳುವುದಿಲ್ಲ. ಮೆಕ್ಯಾನಿಕ್ ಪಂಪಿನ ಮೇಲೆ ಅನುಮಾನಪಟ್ಟರು. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಗ್ಯಾರೇಜುಗಳಲ್ಲಿ ಡೀಸೆಲ್ ಪಂಪು ಇಂದಿಗೂ ಮೈಕೋ ಪಂಪೇ. ಅದನ್ನು ಬಿಚ್ಚಿ ಹಾಸನಕ್ಕೆ ಒಯ್ದು ಕ್ಯಾಲಿಬ್ರೇಷನ್ ಮಾಡಿಸಿದೆವು, ಡೀಸೆಲ್ ಸಿಂಪಡಿಸುವ ನಾಝಲ್‌ಗಳನ್ನು ಬದಲಿಸಿದೆವು, ವಾಲ್ವುಗಳ ಟ್ಯಾಪೆಟ್ ಹೊಂದಿಸಿದೆವು, ಹೊಸ ಏರ್ ಫಿಲ್ಟರ್ ಹಾಕಿದೆವು. ಮೂರು ವಾರ ಕಳೆದರೂ ಹೊಗೆ ಹಾಗೆಯೇ ಇತ್ತು. ಕೊನೆಗೆ ಟರ್ಬೊದಿಂದ ಗಾಳಿ ಒಯ್ಯುವ ರಬ್ಬರ್ ಹೋಸಿಗೆ ಸೋಪಿನ ನೀರು ಹಚ್ಚಿ, ಇನ್ನೊಬ್ಬರಿಂದ ಆಕ್ಸಿಲರೇಟರ್ ಒತ್ತಿಸಿ ನೋಡಿದಾಗ ಹೋಸಿನ ಅಡಿಭಾಗದಲ್ಲಿ ಗುಳ್ಳೆಗಳೆದ್ದವು. ಕೈಯಿಂದ ಸವರಿದರೆ ಸಿಗದ, ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುವ ಸೀಳು ಅದು. ಹೋಸ್ ಬದಲಿಸಲು ಅರ್ಧ ಗಂಟೆ ಸಾಕಾಯಿತು. ಅಂದಿನಿಂದ ಕಪ್ಪು ಹೊಗೆ ಕಂಡರೆ ನಾನು ಮೊದಲು ಏರ್ ಫಿಲ್ಟರ್, ಆಮೇಲೆ ಹೋಸ್ ಮತ್ತು ಕ್ಲಿಪ್ಪುಗಳು, ಅನಂತರ ಟರ್ಬೊದ ದಂಡ, ಇಷ್ಟನ್ನೂ ನೋಡಿ ಮುಗಿಸುವವರೆಗೆ ಪಂಪಿಗೆ ಕೈ ಹಚ್ಚಲು ಬಿಡುವುದಿಲ್ಲ. ಟರ್ಬೊದ ದಂಡ ಪಕ್ಕಕ್ಕೆ ತುಸು ಅಲುಗಿದರೆ ಗಾಬರಿ ಬೇಡ. ಹಿಂದೆ ಮುಂದೆ ಸರಿದಾಡಿದರೆ ಅಥವಾ ಚಕ್ರದ ಅಲಗು ಗೋಡೆಗೆ ಉಜ್ಜಿದ ಗುರುತಿದ್ದರೆ ಅದರ ಕಾಲ ಮುಗಿದಿದೆ.

ಸಿಆರ್‌ಡಿಇ ಕೈಕೊಟ್ಟ ರೀತಿಯೇ ಬೇರೆ. ಹೊಗೆಯೂ ಇಲ್ಲ, ಮುನ್ಸೂಚನೆಯೂ ಇಲ್ಲ. ಚೆನ್ನಾಗಿ ಓಡಿದ ಗಾಡಿಯನ್ನು ಅರ್ಧ ಗಂಟೆ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟರ್ ಸುತ್ತುತ್ತಿತ್ತೇ ಹೊರತು ಎಂಜಿನ್ ಹತ್ತಿಕೊಳ್ಳುತ್ತಿರಲಿಲ್ಲ. ಸ್ಕ್ಯಾನರ್ ಇದ್ದ ಹುಡುಗನೊಬ್ಬ ತೋಟಕ್ಕೇ ಬಂದು ತಂತಿ ಜೋಡಿಸಿದಾಗ ಪಿ0087 ಎಂಬ ಕೋಡ್ ಬಂತು, ಅಂದರೆ ರೈಲಿನಲ್ಲಿ ಬೇಕಾದಷ್ಟು ಒತ್ತಡ ಏರುತ್ತಿಲ್ಲ. ನಾಲ್ಕೂ ಇಂಜೆಕ್ಟರ್‌ಗಳಿಂದ ಮಿಕ್ಕ ಡೀಸೆಲ್ ವಾಪಸ್ ಬರುವ ರಿಟರ್ನ್ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಸುತ್ತಿಸಿದಾಗ ಮೂರನೆಯ ಬಾಟಲಿ ಮಾತ್ರ ಉಳಿದವುಗಳಿಗಿಂತ ಬೇಗ ತುಂಬಿತು, ಅಂದರೆ ಒತ್ತಡ ಸೋರುತ್ತಿದ್ದುದು ಆ ಇಂಜೆಕ್ಟರಿನಿಂದ. ಒಂದು ಗಂಟೆಯೊಳಗೆ ದೋಷ ಸಿಕ್ಕಿತು. ಆದರೆ ಆ ಒಂದು ಇಂಜೆಕ್ಟರಿಗೆ ಕೊಟ್ಟ ಹಣದಲ್ಲಿ ಡಿಐಯ ನಾಲ್ಕೂ ನಾಝಲ್‌ಗಳನ್ನು ಒಂದಕ್ಕಿಂತ ಹೆಚ್ಚು ಸಲ ಬದಲಿಸಬಹುದಿತ್ತು.

ಇಂಜೆಕ್ಟರ್ ಸವೆದದ್ದಕ್ಕೆ ಕಾರಣ, ನನ್ನ ಅಂದಾಜಿನಲ್ಲಿ, ತೋಟದ ಶೆಡ್ಡಿನಲ್ಲಿ ಡ್ರಮ್ಮಿನಲ್ಲಿಟ್ಟ ಡೀಸೆಲ್. ಮಳೆಗಾಲದ ತೇವದಲ್ಲಿ ಅರ್ಧ ಖಾಲಿಯಾದ ಡ್ರಮ್ಮಿನ ಒಳಗೋಡೆಯಲ್ಲಿ ಹನಿಗಟ್ಟಿದ ನೀರು ತಳಕ್ಕಿಳಿಯುತ್ತದೆ. ಅದೇ ಡ್ರಮ್ಮಿನ ಡೀಸೆಲ್ ಕುಡಿದ ಡಿಐ ಒಂದು ದಿನ ಗುಟುರು ಹಾಕಿ ನಿಂತಾಗ ಫಿಲ್ಟರಿನ ನೀರು ಬಸಿದು, ಕೈಪಂಪು ಒತ್ತಿ ಏರ್ ಲಾಕ್ (ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ) ತೆಗೆದೆವು, ಅದು ಮುಂದೆ ಹೋಯಿತು. ಕಾಮನ್ ರೈಲಿನಲ್ಲಿ ಒತ್ತಡ 1,000 ಬಾರ್‌ಗೂ ಮೇಲೇರುತ್ತದೆ; ಆ ಪಂಪಿಗೂ ಇಂಜೆಕ್ಟರಿಗೂ ಜಾರುಗುಣ ಕೊಡುವುದು ಡೀಸೆಲ್ಲೇ ಆದ್ದರಿಂದ ನೀರು ಬೆರೆತರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಈಗ ಡ್ರಮ್ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಸೋಮವಾರ ಎರಡೂ ಗಾಡಿಗಳ ಫಿಲ್ಟರಿನಿಂದ ನೀರು ಬಸಿಯುವುದನ್ನು ನಾನೇ ನಿಂತು ನೋಡುತ್ತೇನೆ. ಸಿಆರ್‌ಡಿಇಗೆ ಇನ್ನೊಂದು ಕಾಟವೂ ಇದೆ: ಶೆಡ್ಡಿನ ಇಲಿಗಳು ವೈರಿಂಗ್ ಕಡಿಯುತ್ತವೆ, ಹಳ್ಳ ದಾಟಿದ ಮೇಲೆ ಸೆನ್ಸರುಗಳ ಕನೆಕ್ಟರಿನಲ್ಲಿ ನೀರು ನಿಲ್ಲುತ್ತದೆ.

ಎಂಜಿನ್ ಆಯಿಲ್ ವಿಷಯದಲ್ಲಿ ಎರಡಕ್ಕೂ ನಾನು ಭೇದ ಮಾಡಿಲ್ಲ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕುತ್ತೇನೆ, ಹೇಳಿದ ಕಿಲೋಮೀಟರಿಗಿಂತ ಮೊದಲೇ ಬದಲಿಸುತ್ತೇನೆ, ಏರು ಹತ್ತಿ ಬಂದ ಮೇಲೆ ಟರ್ಬೊ ತಣಿಯಲೆಂದು ಒಂದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟೇ ಆಫ್ ಮಾಡುತ್ತೇನೆ.

ಇಷ್ಟಾದ ಮೇಲೆ ಕೆಲಸವನ್ನು ಹಂಚಿದ್ದೇನೆ. ತೋಟದೊಳಗಿನ ಕೆಸರು, ಹಳ್ಳ, ಗೊಬ್ಬರದ ಮೂಟೆ ಡಿಐಯ ಪಾಲು; ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದು ಸಿಆರ್‌ಡಿಇಯ ಪಾಲು, ಏಕೆಂದರೆ ಗುಂಡ್ಯದಿಂದ ಮೇಲೆ ಹತ್ತುವಾಗ ಆ 105 ಅಶ್ವಶಕ್ತಿಯ ಬೆಲೆ ತಿಳಿಯುತ್ತದೆ. ಜೊತೆಗೆ ಪ್ರತಿಯೊಂದಕ್ಕೂ ಅದರಲ್ಲಿಲ್ಲದ ಒಂದನ್ನು ಕೂಡಿಸಿದ್ದೇನೆ. ಸಿಆರ್‌ಡಿಇಗೆ ಮೂಲ ಫಿಲ್ಟರಿಗಿಂತ ಮೊದಲು, ಪಾರದರ್ಶಕ ಬಟ್ಟಲಿನ ಮತ್ತೊಂದು ನೀರು ಬೇರ್ಪಡಿಸುವ ಫಿಲ್ಟರ್ ಬಂದಿದೆ. ಡಿಐಯ ಡ್ಯಾಶ್‌ಬೋರ್ಡಿನ ಮೇಲೆ ಟರ್ಬೊದ ಒತ್ತಡ ತೋರಿಸುವ ಮುಳ್ಳಿನ ಗೇಜ್ ಕುಳಿತಿದೆ. ಕಳೆದ ಮಳೆಗಾಲದಲ್ಲಿ ಆ ಮುಳ್ಳು ದಿನನಿತ್ಯದ ಏರಿನಲ್ಲೇ ಎಂದಿನ ಜಾಗಕ್ಕೆ ಏರಲಿಲ್ಲ. ಇಳಿದು ನೋಡಿದರೆ ಹೋಸಿನ ಒಂದು ಕ್ಲಿಪ್ ಸಡಿಲವಾಗಿತ್ತು, ಹೊಗೆ ಇನ್ನೂ ಶುರುವಾಗಿರಲಿಲ್ಲ.